ನೆಟ್ಟಗೆ ನಿಂತ ಮರಳು

ಚಳ್ಳಕೆರೆ ಕಡೆ, ವೇದಾವತಿ ದಂಡೆಯ ಪಟ್ಟಾ ಜಮೀನು. ಹೊಳೆ ಯಾವ ಕಾಲದಲ್ಲೋ ಬಿಟ್ಟುಹೋದ ಮರಳು, ಗರಸು ಹೊಲದ ಅಡಿಯಲ್ಲಿತ್ತು. ಏಳು ಮೀಟರ್ ಆಳಕ್ಕೆ ತೋಡಿದ್ದರು. ಆ ಹೊಂಡದ ಪೂರ್ವದ ದಡ ಗೋಡೆ ಕಟ್ಟಿದ ಹಾಗೆ ನೆಟ್ಟಗಿತ್ತು. ಅದು ನಿಲ್ಲುತ್ತೋ ಇಲ್ಲವೋ ನೋಡಿ ಹೇಳಲು ನನ್ನನ್ನು ಕರೆಸಿದ್ದರು. ಮಾಲೀಕರು ಮಾತ್ರ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು: “ನಾಕು ವರ್ಷದಿಂದ ಹಿಂಗೇ ನಿಂತೈತೆ ಸಾರ್, ಏನಾತು?”

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಹೋದವನೇ ಬುಡದಲ್ಲಿ ನಿಂತು, ದಡಕ್ಕೆ ಹಲಗೆ ಆನಿಸಿ, ಮೊಬೈಲ್ ಇಟ್ಟು ಕೋನ ನೋಡಿದೆ: 68 ಡಿಗ್ರಿ. ಮೇಲೆ ಹತ್ತಿ ನೋಡದೆ ಕೆಳಗೆ ನಿಲ್ಲಬಾರದು ಅಂತ ಹುಡುಗರಿಗೆ ಪಾಠ ಹೇಳುವವನು ನಾನೇ.

ಆಮೇಲೆ ಎರಡು ಬಾಂಡ್ಲಿ ಮರಳು ತಂದು ಟಾರ್ಪಾಲಿನ ಮೇಲೆ ಬಿಸಿಲಿಗೆ ಹರಡಿದೆ. ಚೆನ್ನಾಗಿ ಒಣಗಿದ ಮೇಲೆ ಪ್ಲೈವುಡ್ ಹಾಳೆಯ ಮೇಲೆ, ಕೈ ತಗ್ಗಿಸಿ, ನಿಧಾನಕ್ಕೆ ಸುರಿದೆ. ಗುಡ್ಡೆಯ ಎತ್ತರ 25 ಸೆಂ.ಮೀ., ಬುಡದ ಅಗಲ 74. ಅಂದರೆ ಇಳಿಜಾರು 34 ಡಿಗ್ರಿ. ಮೂರು ಸಲ ಸುರಿದರೂ ಹೆಚ್ಚುಕಡಿಮೆ ಅಷ್ಟೇ. ಇದು ಸಡಿಲ ಮರಳಿನ ಲೆಕ್ಕ, ಲ್ಯಾಬ್ ಪರೀಕ್ಷೆಗೆ ಬದಲಿ ಅಲ್ಲ. ಆ ಹೊತ್ತಿಗೆ ಸಾಕಿತ್ತು. ಒಣ ಮರಳಲ್ಲಿ ಹಿಡಿದಿಡುವ ಬಲ ಜಾರಿಸುವ ಬಲದ ಎಷ್ಟು ಪಾಲು ಅಂತ ನೋಡಲು 34ರ ಟ್ಯಾನ್ ಬೆಲೆಯನ್ನು 68ರದ್ದರಿಂದ ಭಾಗಿಸಬೇಕು: 0.27. ಒಂದಕ್ಕಿಂತ ಕಡಿಮೆ ಬಂದರೆ ಲೆಕ್ಕದ ಪ್ರಕಾರ ದಡ ನಿಲ್ಲೋದಿಲ್ಲ. ಇದು ನಿಂತಿತ್ತು. ಹಾಗಿದ್ದರೆ ಮಿಕ್ಕ ಭಾರವನ್ನು ಹಿಡಿದಿದ್ದದ್ದು ಮರಳ ಕಾಳುಗಳ ನಡುವಿನ ತೇವ. ಒಣಗಿದರೂ ಆ ಹಿಡಿತ ಹೋಗುತ್ತೆ, ನೀರು ತುಂಬಿದರೂ ಹೋಗುತ್ತೆ.

ನೀರು ಬಂದಾಗಿತ್ತು. ಅದು 2022. ವೇದಾವತಿಗೇ ಕಟ್ಟಿದ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ. ಹೊಳೆ ಹರಿದ ಮೇಲೆ ಸುತ್ತಲಿನ ಬಾವಿಗಳಲ್ಲೂ ನೀರು ಮೇಲೆ ಬಂದಿತ್ತು. ಮಾಲೀಕರ ನಾಲ್ಕು ವರ್ಷದ ಸಾಕ್ಷಿ ಒಣ ಕಾಲದ್ದು. ಹೊಂಡದ ತಳದಿಂದ ಎರಡು ಮೀಟರ್ ಮೇಲೆ, ದಡದಲ್ಲಿ, ಜೇಡಿಮಣ್ಣಿನ ತೆಳು ಪದರವೊಂದು ಅಡ್ಡಕ್ಕೆ ಹಾದಿತ್ತು. ಅದರ ಮೇಲೆ ಕೂತ ನೀರು ಸಾಲಾಗಿ ಜಿನುಗಿ, ಕೆಳಗಿನ ಮರಳನ್ನು ಕೊರೆದು, ಮುಷ್ಟಿ ತೂರುವಷ್ಟು ಪೊಳ್ಳು ಮಾಡಿತ್ತು. “ಸಂಜೆ ಎಂಜಿನ್ ಆಫ್ ಮಾಡಿದ್ರೆ ಪುಡಿ ಉದುರೋ ಸದ್ದು ಕೇಳ್ತೈತೆ ಸಾರ್,” ಅಂದ ಹಿಟಾಚಿ ಆಪರೇಟರ್. ಅವನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಮೇಲೆ, ಅಂಚಿನಿಂದ ಎರಡು ಮೀಟರ್ ಒಳಗೆ, ಹುಲ್ಲಿನ ಮರೆಯಲ್ಲಿ ಬಿರುಕು. ಅದರ ಪಕ್ಕದಲ್ಲೇ ಟಿಪ್ಪರ್ ದಾರಿ! ದಾರಿ ಮುಚ್ಚಿಸಿದೆ, ಕೆಳಗಿನ ಕೆಲಸ ನಿಲ್ಲಿಸಿದೆ. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು, ತಲೆಗೆ ಮೊಳೆ ಬಡಿದು, ದಿನಾ ಬೆಳಿಗ್ಗೆ ಟೇಪು ಹಿಡಿಸಿದೆ. ಮೊದಲ ದಿನ ಒಂದು ಮಿಲಿಮೀಟರ್ ಅಗಲವಾಯಿತು, ಮರುದಿನ ಎರಡು, ಅದರ ಮರುದಿನ ನಾಲ್ಕು. ಏಳು ಮಿ.ಮೀ. ದೊಡ್ಡದಲ್ಲ, ದಿನದಿನಕ್ಕೆ ದುಪ್ಪಟ್ಟಾಗಿದ್ದು ದೊಡ್ಡದು. ಆರನೇ ರಾತ್ರಿ ದಡ ಕುಸಿಯಿತು. ಹೊಂಡದಲ್ಲಿ ಯಾರೂ ಇರಲಿಲ್ಲ.

ಗಣಿ ನಿಯಮದಲ್ಲಿ ಗರಸು, ಸಡಿಲ ಮಣ್ಣಿನ ದಡ 45 ಡಿಗ್ರಿ ಮೀರಬಾರದು, ಇಲ್ಲವೇ ಒಂದೂವರೆ ಮೀಟರಿಗೆ ಹೆಚ್ಚಿಲ್ಲದ ಮೆಟ್ಟಿಲು ಮಾಡಬೇಕು ಅಂತಿದೆ. ಇದನ್ನು ಎಲ್ಲರೂ ‘45 ಆದರೆ ಸಾಕು’ ಅಂತ ಓದಿಕೊಳ್ಳುತ್ತಾರೆ. 34 ಡಿಗ್ರಿಯ ಒಣ ಮರಳಿಗೆ ಅದೇ ಭಾಗಾಕಾರದಲ್ಲಿ 45ಕ್ಕೆ ಬರುವುದು 0.67. ನಾನು 27 ಡಿಗ್ರಿ ಕೇಳಿದೆ, ಆಗ 1.32. ನೀರು ದಡದೊಳಗಿಂದ ಹರಿದರೆ ಅದೂ ಸುಮಾರು ಅರ್ಧಕ್ಕಿಳಿಯುತ್ತೆ, ಹಾಗಾಗಿ ನೀರಿಗೆ ದಾರಿ ಮಾಡದೆ ಬರೀ ಕೋನ ತಗ್ಗಿಸಿ ಪ್ರಯೋಜನವಿಲ್ಲ.

ದಡವನ್ನು ಹಿಂದಕ್ಕೆ ಕಡಿಯೋಣವೆಂದರೆ ಹನ್ನೊಂದು ಮೀಟರ್ ಬೇಕು. ಗಡಿಯಿಂದ ಬಿಡಬೇಕಾದ ಏಳೂವರೆ ಮೀಟರ್ ಜಾಗವೇ ಹೋಗುತ್ತಿತ್ತು. ಅದಕ್ಕೆ ಮುಂದಕ್ಕೆ ತುಂಬಿಸಿದೆವು. ದಡಕ್ಕೆ ತಾಗಿ ಸಣ್ಣ ಜಲ್ಲಿ ಬೆರೆತ ಮರಳು, ಅದರ ಮೇಲೆ ದಪ್ಪ ಗರಸು, ಬುಡದಲ್ಲಿ ಕಾಲುವೆ. ಮಾರಬೇಕಾದ ಮಾಲನ್ನು ವಾಪಸ್ ಹೊಂಡಕ್ಕೆ ಹಾಕಿಸುತ್ತಿದ್ದೇನೆ ಅಂತ ಮಾಲೀಕರು ಮೂರು ದಿನ ಸರಿಯಾಗಿ ಮಾತಾಡಲಿಲ್ಲ.

ಕಾಲುವೆಯಲ್ಲಿ ಈಗಲೂ ತಿಳಿನೀರು ಸಣ್ಣಗೆ ಹರಿಯುತ್ತೆ. ಕದಡಿ ಬಂದರೆ ಒಳಗಿಂದ ಮರಳು ಹೊರಟಿದೆ ಎಂದರ್ಥ. ಅಂಥ ದಿನ ಹೊತ್ತು ನೋಡದೆ ಫೋನ್ ಮಾಡು ಅಂತ ಆಪರೇಟರ್‌ಗೆ ಹೇಳಿ ಬಂದಿದ್ದೇನೆ.