ವಿಎಲ್‌ಬಿಐ (ದೂರದೂರದ ರೇಡಿಯೋ ಟೆಲಿಸ್ಕೋಪ್‌ಗಳು ಒಂದೇ ಸಲ ಒಂದೇ ಸೋರ್ಸ್ ನೋಡೋ ವಿಧಾನ) ಅಬ್ಸರ್ವೇಶನ್ ಟೈಮಲ್ಲಿ ಡೇಟಾ ರೆಕಾರ್ಡ್ ಮಾಡೋದು ಹೇಗೆ

ಮೊದಲು ಡಿಸ್ಕ್ ಲೆಕ್ಕ ಹಾಕ್ಕೊಳ್ಳಿ, ಸೆಕೆಂಡಿಗೆ 2 ಗಿಗಾಬಿಟ್ ರೇಟಲ್ಲಿ ಗಂಟೆಗೆ 900 ಗಿಗಾಬೈಟ್ ತುಂಬುತ್ತೆ, ಖಾಲಿ ಜಾಗ ನೋಡದೆ ಶೆಡ್ಯೂಲ್ ಶುರು ಮಾಡ್ಲೇಬೇಡಿ. ಆಮೇಲೆ ಟೈಮ್, ಇದೇ ಜೀವಾಳ. ಸ್ಟೇಷನ್ನಿನ ಹೈಡ್ರೋಜನ್ ಮೇಸರ್ ಅನ್ನೋ ಪರಮಾಣು ಗಡಿಯಾರಕ್ಕೂ ಜಿಪಿಎಸ್‌ಗೂ ಇರೋ ವ್ಯತ್ಯಾಸ ಲಾಗಲ್ಲಿ ಬೀಳ್ತಾ ಇರ್ಬೇಕು, ಅದಿಲ್ಲ ಅಂದ್ರೆ ಕೋರಿಲೇಟರಲ್ಲಿ (ಎಲ್ಲಾ ಸ್ಟೇಷನ್ನಿನ ಡೇಟಾ ಹೋಲಿಸಿ ಜೋಡಿಸೋ ಕಂಪ್ಯೂಟರ್) ಫ್ರಿಂಜ್, ಅಂದ್ರೆ ಸಿಗ್ನಲ್‌ಗಳು ಒಂದಕ್ಕೊಂದು ಹೊಂದಿದ ಗುರುತು, ಹುಡುಕೋರಿಗೆ ತುಂಬಾ ಕಷ್ಟ. ಶುರುವಲ್ಲೇ ಒಂದು ಪ್ರಖರ ಕ್ವೇಸಾರ್ (ತುಂಬಾ ದೂರದ ಗ್ಯಾಲಕ್ಸಿಯ ಹೊಳೆಯೋ ಕೇಂದ್ರ) ಕಡೆ ಡಿಶ್ ತಿರುಗಿಸಿ, ಕೆಲವು ಸೆಕೆಂಡಿನ ಡೇಟಾ ನೆಟ್ಟಲ್ಲಿ ಕಳಿಸಿ ಫ್ರಿಂಜ್ ಬರುತ್ತಾ ನೋಡ್ಕೊಳ್ಳಿ. ಮಳೆ, ಗಾಳಿ, ಸಿಸ್ಟಮ್ ಟೆಂಪರೇಚರ್ (ಸಿಗ್ನಲ್ ಜೊತೆ ಬರೋ ಒಟ್ಟು ನಾಯ್ಸ್ ಮಟ್ಟ), ಡಿಶ್ ಸೋರ್ಸ್‌ಗೆ ಲೇಟಾಗಿ ಹೋಗಿದ್ದು, ಎಲ್ಲಾ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಟೈಮ್ ಸಮೇತ ಬರೀರಿ.

ಡಿಸ್ಕ್‌ಗಳನ್ನ ಕೋರಿಲೇಟರಿಗೆ ಸಾಗಿಸೋಕೂ ತಾಳ್ಮೆ ಬೇಕು, 2017ರ ಇವೆಂಟ್ ಹೊರೈಜನ್ ಟೆಲಿಸ್ಕೋಪ್ (ಕಪ್ಪುಕುಳಿಯ ಚಿತ್ರ ತೆಗೆದ ಟೆಲಿಸ್ಕೋಪ್ ಜಾಲ) ಅಬ್ಸರ್ವೇಶನ್ನಿನ ದಕ್ಷಿಣ ಧ್ರುವದ ಡಿಸ್ಕುಗಳು ಅಲ್ಲಿನ ಚಳಿಗಾಲ ಮುಗಿಯೋವರೆಗೂ ಹೊರಡೋಕೇ ಆಗ್ಲಿಲ್ಲ. ಕೋರಿಲೇಶನ್ ಮುಗಿದು ಕೋರಿಲೇಟರಿನವರು ಓಕೆ ಅನ್ನೋವರೆಗೂ ಒಂದು ಫೈಲೂ ಅಳಿಸ್ಬೇಡಿ.