ತಿಳಿಹಸಿರು ಉಳಿಸಿಕೊಂಡೇ ಸೊಪ್ಪಿನ ಕೀಟನಾಶಕ ಶೇಷ ಪರೀಕ್ಷೆ: ನನ್ನ ಅನುಭವ

ಕೀಟನಾಶಕ ಶೇಷ ಅಳೆಯಲು ಪಾಲಕ್, ದಂಟು, ಕೊತ್ತಂಬರಿಯಿಂದ ದ್ರಾವಕದಲ್ಲಿ ತೆಗೆದ ಸಾರ ನೀರಿನಂತೆ ತಿಳಿಯಾಗದೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ ಇಂಜೆಕ್ಟ್ ಮಾಡಬಾರದು ಎಂಬ ಪಟ್ಟು ಲ್ಯಾಬುಗಳಲ್ಲಿ ಬಲವಾಗಿದೆ. ತಿಳಿಹಸಿರು ಉಳಿಸಿಕೊಂಡೇ ಹಾಕುತ್ತೇನೆ ಎಂದಾಗ, ಲೈನರ್ (ಯಂತ್ರದ ಬಾಯಲ್ಲಿರುವ ಗಾಜಿನ ಕೊಳವೆ) ಹಾಳಾಗುತ್ತದೆ ಎಂದವರೇ ಹೆಚ್ಚು. ಈಗ ಶಿಲೀಂಧ್ರನಾಶಕಗಳಲ್ಲಿ ಕಾರ್ಬೆಂಡಾಜಿಮ್ ರಿಕವರಿ (ಬೆರೆಸಿದ್ದರಲ್ಲಿ ಮರಳಿ ಸಿಕ್ಕ ಪಾಲು) ಶೇ 85ರ ಆಸುಪಾಸು ನಿಂತಿದೆ, ಕ್ಲೋರೋಥಲೋನಿಲ್ ಕೂಡ 70 ದಾಟಿದೆ.

ಕ್ಲೋರೋಫಿಲ್ ಹಿಡಿಯುವ ಜಿಸಿಬಿ ಎಂಬ ಇಂಗಾಲದ ಪುಡಿ, ಚಪ್ಪಟೆ ಅಣುವಿನ ಕೀಟನಾಶಕ, ಶಿಲೀಂಧ್ರನಾಶಕಗಳನ್ನೂ ಹಿಡಿದುಕೊಳ್ಳುತ್ತದೆ. ಮಿಲಿಲೀಟರಿಗೆ 50 ಮಿ.ಗ್ರಾಂ ಹಾಕಿದರೆ ಸಾರ ಚೆಂದ, ಆದರೆ ಕಾರ್ಬೆಂಡಾಜಿಮ್ ಅರ್ಧವೂ ಸಿಗುವುದಿಲ್ಲ. ನಾನು ನಿಂತದ್ದು 7.5 ಮಿ.ಗ್ರಾಂಗೆ, ಜೊತೆಗೆ ಸಾವಯವ ಆಮ್ಲ ಹಿಡಿಯುವ ಪುಡಿಯಾದ ಪಿಎಸ್‌ಎ 25, ನೀರು ಹೀರುವ ಮೆಗ್ನೀಷಿಯಂ ಸಲ್ಫೇಟ್ 150. ಕಣ್ಣಿಗೆ ಹಸಿರು ಕಂಡರೆ ಆ ಚಪ್ಪಟೆ ಅಣುಗಳು ಸಾರದಲ್ಲೇ ಉಳಿದಿವೆ ಎಂದೇ ಲೆಕ್ಕ. ಈ ಪುಡಿಗಳ ಶುದ್ಧೀಕರಣಕ್ಕೆ ಮುನ್ನ ಸಾರವನ್ನು ರಾತ್ರಿಯಿಡೀ ಮೈನಸ್ 20ರಲ್ಲಿಟ್ಟು, ತಣ್ಣಗಿರುವಾಗಲೇ ಬಸಿದರೆ ಮೇಣ ತಳದಲ್ಲಿ ಉಳಿಯುತ್ತದೆ. ಲೈನರ್ ಉಳಿಸುವುದು ಮುಖ್ಯವಾಗಿ ಇದೇ. ಕೊನೆಗೆ ಪ್ರತಿ ಮಿಲಿಲೀಟರಿಗೆ ಶೇ 5ರಷ್ಟು ಫಾರ್ಮಿಕ್ ಆಮ್ಲವಿರುವ ಅಸಿಟೋನೈಟ್ರೈಲ್ ದ್ರಾವಕ 10 ಮೈಕ್ರೋಲೀಟರ್. ಪಿಎಸ್‌ಎ ಮುಟ್ಟಿದ ಸಾರ ಕ್ಷಾರವಾಗಿರುತ್ತದೆ, ಹಾಗೇ ಬಿಟ್ಟರೆ ಶಿಲೀಂಧ್ರನಾಶಕ ಕ್ಯಾಪ್ಟಾನ್ ಒಡೆದುಹೋಗುತ್ತದೆ.

ಮೊದಲ ಹಂತ ಎಲ್ಲರದೇ: 10 ಗ್ರಾಂ ಸೊಪ್ಪು, 10 ಮಿ.ಲೀ. ಅಸಿಟೋನೈಟ್ರೈಲ್, ಸಿಟ್ರೇಟ್ ಲವಣ. ಸೊಪ್ಪು ತೊಳೆಯಬೇಡಿ, ಮಣ್ಣು ಮಾತ್ರ ಕೊಡವಿ. ಡ್ರೈಐಸ್ ಜೊತೆ ಅರೆದದ್ದನ್ನು ಮುಚ್ಚಳ ಸಡಿಲಿಸಿ ಫ್ರೀಜರಿನಲ್ಲಿಟ್ಟು, ಅನಿಲ ಪೂರ್ತಿ ಹೋದ ಮೇಲೆ ತೂಗಿ. ಲವಣ ಬಿದ್ದ ಕ್ಷಣವೇ ಕುಲುಕಬೇಕು. ತಡವಾದರೆ ಗಂಟು ಕಟ್ಟುತ್ತದೆ, ಅದರೊಳಗಿನ ನೀರಿನ ಜೊತೆ ನೀರಲ್ಲಿ ಕರಗುವ ಕೀಟನಾಶಕ ಮಾನೋಕ್ರೊಟೋಫಾಸ್ ಕೂಡ ಸಿಕ್ಕಿಕೊಳ್ಳುತ್ತದೆ.

ದುಡ್ಡಿನ ಮಾತು. ರೆಡಿಮೇಡ್ ಕಿಟ್ಟಿಗೆ ಮಾದರಿಯೊಂದಕ್ಕೆ ₹400-500 ಬೀಳುತ್ತಿತ್ತು. ಲವಣ ನಾವೇ ತೂಗಿದರೆ ಅದರ ಮೂರನೇ ಒಂದು ಭಾಗ. ಮೆಗ್ನೀಷಿಯಂ ಸಲ್ಫೇಟನ್ನು ಮಫಲ್ ಫರ್ನೇಸಿನಲ್ಲಿ 500 ಡಿಗ್ರಿಗೆ ಕೆಲವು ಗಂಟೆ ಕಾಯಿಸಲೇಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ಕಿನಿಂದ ಬರುವ ಥ್ಯಾಲೇಟ್ ಪೀಕುಗಳ ಕಾಟ.

ಕರಿಬೇವಿಗೂ ಇದನ್ನೇ ನೋಡಿದೆ. ನೀರು ಕಡಿಮೆ, ತೈಲ ಜಾಸ್ತಿ. 5 ಗ್ರಾಂಗಿಳಿಸಿ ನೀರು ಸೇರಿಸಿದ ಮೇಲೆ ಒಪ್ಪುವ ಮಟ್ಟಕ್ಕೆ ಬಂತು, ಕ್ಯಾಲಿಬ್ರೇಷನ್ ಮಾತ್ರ ಕೀಟನಾಶಕವಿಲ್ಲದ ಕರಿಬೇವಿನ ಸಾರದಲ್ಲೇ ಆಗಬೇಕು. ಕ್ಲೋರೋಥಲೋನಿಲ್ ಏರಿದ್ದಕ್ಕೆ ಟೊಲ್ವೀನ್ ಎಂಬ ದ್ರಾವಕ ಕೂಡ ಕಾರಣ. ಎಷ್ಟು, ಯಾವ ಹಂತದಲ್ಲಿ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಲ್‌ಸಿ (ಲಿಕ್ವಿಡ್ ಕ್ರೊಮ್ಯಾಟೋಗ್ರಾಫ್) ಯಂತ್ರಕ್ಕೆ ಹೋಗುವ ಭಾಗಕ್ಕೆ ಅದು ಸೇರದಂತೆ ನೋಡಿಕೊಳ್ಳಿ. ಶಿಲೀಂಧ್ರನಾಶಕ ಮ್ಯಾಂಕೋಜೆಬ್ ಈ ದಾರಿಯಲ್ಲಿ ಸಿಗದು, ಅದಕ್ಕೆ ಕಾರ್ಬನ್ ಡೈಸಲ್ಫೈಡ್ ವಿಧಾನವೇ ಬೇಕು.