ಕಲಬುರಗಿ ಬಿಸಿಲಾಗ ರಾಜಕೀಯ ಸುದ್ದಿ ಓದೋದು ಹ್ಯಾಂಗ?

ಮೊದಲ ರೊಟ್ಟಿ, ಶೇಂಗಾ ಹಿಂಡಿ ತಿನ್ರಿ. ಖಾಲಿ ಹೊಟ್ಟಿಲೆ ಆಶ್ವಾಸನೆ ಓದಿದ್ರ ಪಿತ್ತ ಏರ್ತದ. ‘ಪರಿಶೀಲಿಸಲಾಗುವುದು’ ಅಂತ ಬಂದಲ್ಲೆ ಪೆನ್ಸಿಲ್‌ಲೆ ಒಂದು ಗೆರಿ, ‘ಶೀಘ್ರದಲ್ಲೇ’ ಅಂದ್ರ ಎರಡು. ಐದು ಗೆರಿ ಆದ ಕೂಡ್ಲೆ ಪೇಪರ್ ಮಡಚಿ ಬೀಸಣಿಗಿ ಮಾಡ್ಕೋರಿ. ಅಷ್ಟೊತ್ತಿಗೆ ಕರೆಂಟ್ ಹೋಗಿರ್ತದ.

ಹೆಸರು ಬದಲಾದ ಸುದ್ದಿಗಿ ಗಾಬರಿ ಬ್ಯಾಡ. 2014ರಾಗ ಗುಲ್ಬರ್ಗಾ ಕಲಬುರಗಿ ಆಯ್ತು, 2019ರಾಗ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯ್ತು. ನಮ್ಮವ್ವ ಇವತ್ತಿಗೂ ಕಂಡಕ್ಟರ್‌ಗೆ ‘ಗುಲ್ಬರ್ಗಾ ಒಂದು ಕೊಡಪಾ’ ಅಂತಾಳ, ಟಿಕೆಟ್ ಸಿಗ್ತದ. ನಮ್ಮ ಓಣಿ ತಗ್ಗಿಗಿ ಮಾತ್ರ ಯಾರೂ ಹೊಸ ಹೆಸರು ಇಟ್ಟಿಲ್ಲ.

ನಮ್ಮ ಭಾಗಕ್ಕ ಮೀಸಲಾತಿ ಕೊಡೋ ಸಂವಿಧಾನದ 371(ಜೆ) ವಿಧಿ ಸುದ್ದಿ ಬಂದ್ರ ನಗಬ್ಯಾಡ್ರಿ, ಪೂರಾ ಓದಿ ಕತ್ತರಿಸಿ ಇಟ್ಕೋರಿ. ನಮ್ಮ ಹುಡುಗರ ಸೀಟು, ನೌಕರಿ ಅದರಾಗ ಅವ.